‘ಏನೂ ಆಗಲ್ಲ ಬಿಡಿ’ ಅಂದವರು ದುಡ್ಡು ಕಟ್ಟಲ್ಲ

ಮದುವೆ, ಜಾತ್ರೆ, ಧರ್ಮಸ್ಥಳ ಅಂದರೆ ನಾವೇ ಓಡಿಸಿಕೊಂಡು ಹೋಗೋಕೆ ಕಾರು ಬಾಡಿಗೆಗೆ ತರ್ತೀವಿ. ನೂರು ಇನ್ನೂರು ರೂಪಾಯಿ ಕಮ್ಮಿ ಮಾಡಿಸೋಕೆ ಗಂಟೆಗಟ್ಟಲೆ ಚೌಕಾಸಿ ಮಾಡ್ತೀವಿ. ಇನ್ಶೂರೆನ್ಸ್ ಬಗ್ಗೆ ಮಾತ್ರ ಒಂದು ಮಾತೂ ಕೇಳಲ್ಲ.

ಮೊದಲು ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರ ವೈಟ್ ಬೋರ್ಡ್ ಕಾರು ಅಗ್ಗ, ನಿಜ. ಆದರೆ ಅದರ ಪಾಲಿಸಿ ಸ್ವಂತ ಬಳಕೆಗೆ ಮಾತ್ರ. ಬಾಡಿಗೆಗೆ ಕೊಟ್ಟಿದ್ದು ಗೊತ್ತಾದರೆ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಆಗ ರಿಪೇರಿ ಖರ್ಚು ಯಾರ ತಲೆ ಮೇಲೆ?

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಎದುರಿನವರಿಗಾದ ನಷ್ಟಕ್ಕೆ. ನಿಮ್ಮ ಕೈಲಿರೋ ಕಾರು ಜಖಂ ಆದರೆ ಅದರಿಂದ ಬಿಡಿಗಾಸೂ ಬರಲ್ಲ. ಅದಕ್ಕೇ ಬಾಡಿಗೆ ಕಂಪನಿಯವರು ‘ಡ್ಯಾಮೇಜ್ ಪ್ರೊಟೆಕ್ಷನ್’ ಅಂತ ಹೆಚ್ಚುವರಿ ಹಣ ಕೇಳೋದು. ಅದು ದಂಡ ಅನ್ನೋರಿದ್ದಾರೆ. ನಾವು ಒಪ್ಪಲ್ಲ. ಒಂದು ಬಂಪರ್, ಒಂದು ಹೆಡ್‌ಲೈಟ್ ಹೋದರೆ ತಿಂಗಳ ಕೂಲಿ ಹೋದ ಹಾಗೆ. ತಗೊಳ್ಳಿ. ಆದರೆ ಷರತ್ತು ಓದಿ: ನಿಮ್ಮ ಪಾಲಿಗೆ ಎಷ್ಟು ಉಳಿಯುತ್ತೆ, ಟೈರು-ಗಾಜು ಸೇರಿದೆಯಾ, ಕರಾರಿನಲ್ಲಿ ಹೆಸರಿಲ್ಲದ ಭಾವಮೈದ ಓಡಿಸಿದರೆ ನಡೆಯುತ್ತಾ? ಕುಡಿದು ಓಡಿಸಿದರಂತೂ ಕ್ಲೇಮ್ ಆಸೆ ಬಿಡಿ.

ಬಾಯಿಮಾತು ನಂಬಬೇಡಿ. ಬರಹದಲ್ಲಿ ಪಡೆದ ಮೇಲೇ ಕೀ ಮುಟ್ಟಿ.