ಬಿಳಿ ಫಲಕದ ಬಾಡಿಗೆ ಸ್ಕೂಟರು

ಬಾಲಾನಗರದ ಬಂಧುಗಳೇ, ರಜೆಗೆ ಗೋವೆಗೆ ಓಡುವ ನಮ್ಮ ತರುಣರಿಗೆ ಇಳಿದೊಡನೆ ಬಾಡಿಗೆ ಸ್ಕೂಟರು ಬೇಕು! (1961ರ ತನಕ ಗೋವೆ ಪರದೇಶವಾಗಿತ್ತು, ಅಲ್ಲಿ ನಮ್ಮ ಕಾನೂನಿಲ್ಲವೆಂದು ಇವರು ಇಂದಿಗೂ ತಿಳಿದಂತಿದೆ.) ಬಾಡಿಗೆ ಗಾಡಿಗೆ ಕಪ್ಪು ಫಲಕ, ಹಳದಿ ಅಕ್ಷರ ಇರಲೇಬೇಕು. ಬಿಳಿ ಫಲಕದ ಖಾಸಗಿ ಗಾಡಿಯನ್ನು ನಾಲ್ಕು ಕಾಸು ಅಗ್ಗಕ್ಕೆ ಕೊಡುವವನು ಉಪಕಾರಿಯೇ? ನಾವು ಕೇಳುತ್ತೇವೆ. ಅಪಘಾತವಾದರೆ ಅವನು ಮಾಯ. ಸ್ವಂತ ಬಳಕೆಯ ವಿಮೆಯಲ್ಲಿ ಬಾಡಿಗೆ ಸೇರಿಲ್ಲವೆಂದು ಕಂಪನಿಯೂ ಕೈಯೆತ್ತಬಹುದು. ಕಾರ್ಖಾನೆಯಲ್ಲೋ ಹೋಟೆಲಿನ ಒಲೆಯ ಮುಂದೋ ಗಾಯವಾದರೆ ಇ.ಎಸ್.ಐ. ಕೂಲಿಯ ನೂರಕ್ಕೆ 90 ಕೊಡುತ್ತದೆ. ರಜೆಯಲ್ಲಿ ಕಾಲು ಮುರಿದವನಿಗೆ ಕಾಯಿಲೆ ಭತ್ಯ ಮಾತ್ರ. ನೂರಕ್ಕೆ 70, ಅದೂ ಸಾಮಾನ್ಯವಾಗಿ ವರ್ಷಕ್ಕೆ 91 ದಿನ. ಆಮೇಲೆ ಊರಿಗೆ ಹಣ ಕಳಿಸುವವರಾರು? ಆರ್.ಸಿ., ವಿಮಾಪತ್ರ ತೋರಿಸದವನ ಕೀಲಿಕೈ ಮುಟ್ಟದಿರೋಣ. ಕದಂಬರ ಹೆಸರಿನ ಸರಕಾರಿ ಬಸ್ಸು ಅಲ್ಲಿ ಓಡುತ್ತಿದೆ, ಅದನ್ನು ಹತ್ತೋಣ.