ನವವೃಂದಾವನ ಗಡ್ಡಿಗೆ ಬೇಕಿರುವುದು ಇನ್ನೊಂದು ತಡೆಯಾಜ್ಞೆ ಅಲ್ಲ

ಕಾರ್ತಿಕ ಬಹುಳ ಚತುರ್ದಶಿ ಹತ್ತಿರ ಬಂತೆಂದರೆ ನಮ್ಮ ಗಂಗಾವತಿ ಭಾಗದಲ್ಲಿ ಎರಡು ಸುದ್ದಿ ಒಟ್ಟಿಗೇ ಹುಟ್ಟುತ್ತವೆ. ಒಂದು, ಆನೆಗೊಂದಿಯ ನವವೃಂದಾವನ ಗಡ್ಡಿಯಲ್ಲಿ ಪದ್ಮನಾಭ ತೀರ್ಥರ ಆರಾಧನೆ. ಇನ್ನೊಂದು, ಆ ಆರಾಧನೆಯನ್ನು ಯಾರು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಮಾಡಬೇಕು ಎಂಬ ಕೋರ್ಟಿನ ಆದೇಶ. ಹಬ್ಬದ ಜೊತೆ ಪೊಲೀಸ್ ಬಂದೋಬಸ್ತೂ ಬರುತ್ತದೆ. ನೋಡಿ ನೋಡಿ ಊರಿಗೆ ಅದು ರೂಢಿಯಾಗಿಬಿಟ್ಟಿದೆ. ಇದು ರೂಢಿಯಾಗಬಾರದಿತ್ತು ಎನ್ನುವುದು ನಮ್ಮ ಮಾತು.

ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ತುಂಗಭದ್ರೆಯ ನಡುವಿನ ಈ ಪುಟ್ಟ ಗಡ್ಡಿಯಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಜರದು ನಡುವೆ, ಉಳಿದವು ಅದರ ಸುತ್ತ. ಇಲ್ಲಿನ ಪೂಜೆ, ಆರಾಧನೆಯ ಹಕ್ಕಿಗಾಗಿ ಉತ್ತರಾದಿ ಮಠ ಮತ್ತು ಮಂತ್ರಾಲಯದ ರಾಘವೇಂದ್ರ ಸ್ವಾಮಿ ಮಠದ ನಡುವೆ ದಶಕಗಳ ವ್ಯಾಜ್ಯವಿದೆ. ಗಂಗಾವತಿಯ ಕೋರ್ಟಿನಿಂದ ಧಾರವಾಡದ ಹೈಕೋರ್ಟ್ ಪೀಠಕ್ಕೆ, ಅಲ್ಲಿಂದ 2018ರಲ್ಲಿ ಸುಪ್ರೀಂ ಕೋರ್ಟಿಗೂ ಅದು ಹೋಗಿಬಂತು. ಮೂರು ದಿನದ ಆರಾಧನೆಯನ್ನು ಒಂದೂವರೆ ದಿನ ಅವರಿಗೆ, ಒಂದೂವರೆ ದಿನ ಇವರಿಗೆ ಎಂದು ಕೋರ್ಟೇ ಹಂಚಿಕೊಟ್ಟದ್ದೂ ಉಂಟು. ಈಚೆಗೆ ಮತ್ತೊಂದು ಜಗಳ ಸೇರಿಕೊಂಡಿದೆ. ಒಂದು ವೃಂದಾವನ ರಘುವರ್ಯ ತೀರ್ಥರದು ಎಂದು ಉತ್ತರಾದಿ ಮಠ ಹೇಳಿದರೆ, ಅದು ಜಯತೀರ್ಥರದು ಎಂದು ರಾಯರ ಮಠ ಹೇಳುತ್ತದೆ. ಜಯತೀರ್ಥರ ಮೂಲ ವೃಂದಾವನ ಕಾಗಿಣಾ ದಂಡೆಯ ಮಳಖೇಡದಲ್ಲಿದೆ ಎಂಬುದು ಉತ್ತರಾದಿ ಮಠದವರ ನಂಬಿಕೆ.

ಯಾರ ವಾದ ಸರಿ ಎಂದು ಹೇಳಲು ನಾವು ಕೂತಿಲ್ಲ. ಈ ಗಡ್ಡಿಯ ಮುಂದಿನ ದಾರಿ ಯಾವುದು ಎನ್ನುವುದಷ್ಟೇ ನಮ್ಮ ಪ್ರಶ್ನೆ. ನಮಗೆ ಕಾಣುವುದು ನಾಲ್ಕು ದಾರಿ.

ಮೊದಲನೆಯದು, ಒಬ್ಬರು ಪೂರ್ತಿ ಗೆಲ್ಲುವುದು. ಕೋರ್ಟು ನಾಳೆ ಹಾಗೆಂದು ತೀರ್ಪು ಕೊಟ್ಟರೂ ಸೋತ ಮಠದ ಭಕ್ತರು ಗಡ್ಡಿಗೆ ಬರುವುದನ್ನು ಬಿಡುತ್ತಾರೆಯೇ? ಪದ್ಮನಾಭ, ಕವೀಂದ್ರ, ವಾಗೀಶ ತೀರ್ಥರು ಎರಡೂ ಮಠಗಳ ಗುರುಪರಂಪರೆಯಲ್ಲಿದ್ದಾರೆ. ಅಜ್ಜನ ಸಮಾಧಿಗೆ ಕೈಮುಗಿಯಬೇಡ ಎಂದು ಮೊಮ್ಮಗನಿಗೆ ಯಾವ ತೀರ್ಪೂ ಹೇಳಲಾರದು.

ಎರಡನೆಯದು, ಹಂಚಿಕೊಳ್ಳುವುದು. ಈ ವೃಂದಾವನ ನಿಮ್ಮದು, ಆ ವೃಂದಾವನ ನಮ್ಮದು ಎಂದು ಗೆರೆ ಎಳೆಯುವುದು. ಗುರುಗಳೇ ಇಬ್ಬರಿಗೂ ಸೇರಿದವರಾದಾಗ ಗೆರೆ ಎಲ್ಲಿ ಎಳೆಯುತ್ತೀರಿ? ಸೈಪ್ರಸ್ ದ್ವೀಪವನ್ನು ನೋಡಿ. 1974ರಲ್ಲಿ ತುರ್ಕಿಯ ಸೇನೆ ಇಳಿದ ಮೇಲೆ ಗ್ರೀಕರ ದಕ್ಷಿಣ, ತುರ್ಕರ ಉತ್ತರ ಎಂದು ಬಿದ್ದ ಗೆರೆ ಇವತ್ತಿಗೂ ಅಳಿಸಿಲ್ಲ. ಅಲ್ಲಿ ರಕ್ತ ಹರಿದಿದೆ, ಜನ ಮನೆಮಠ ಬಿಟ್ಟು ಓಡಿದ್ದಾರೆ. ನಮ್ಮ ಗಡ್ಡಿಯ ಜಗಳಕ್ಕೂ ಅದಕ್ಕೂ ಅಜಗಜಾಂತರ. ಇಲ್ಲಿ ಎರಡೂ ಕಡೆಯವರದು ಒಂದೇ ಮತ, ಒಂದೇ ಆಚಾರ. ಆದರೂ ಗೆರೆಯ ಗುಣ ಎಲ್ಲ ಕಡೆ ಒಂದೇ. ಎಳೆಯುವುದು ಸುಲಭ, ಅಳಿಸುವುದು ಕಷ್ಟ.

ಮೂರನೆಯದು, ಸರ್ಕಾರವೇ ವಹಿಸಿಕೊಳ್ಳಲಿ ಎನ್ನುವುದು. ಊರ ಕಟ್ಟೆಯಲ್ಲಿ ಈ ಮಾತು ಆಗಾಗ ಕೇಳುತ್ತೇವೆ. ಆದರೆ 1997ರ ಕರ್ನಾಟಕದ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳನ್ನೂ ಅವುಗಳಿಗೆ ಸೇರಿದ ದೇವಸ್ಥಾನಗಳನ್ನೂ ಹೊರಗಿಟ್ಟಿದೆ. ಮುಜರಾಯಿಗೆ ತರಲು ಹೊರಟರೆ ಎರಡು ಕಡೆಯ ವ್ಯಾಜ್ಯ ಮೂರು ಕಡೆಯದಾಗುತ್ತದೆ, ಅಷ್ಟೆ.

ಉಳಿಯುವುದು ನಾಲ್ಕನೆಯ ದಾರಿ: ಒಡೆತನದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಹಕ್ಕುಗಳನ್ನು ಗಟ್ಟಿಯಾಗಿ ಬರೆದಿಡುವುದು. ಇದು ಜಗತ್ತಿನಲ್ಲಿ ಆಗದ ಕೆಲಸವೇನಲ್ಲ. ಫಿನ್ಲೆಂಡ್ ಮತ್ತು ಸ್ವೀಡನ್ ನಡುವೆ ಓಲಾಂಡ್ ಎಂಬ ದ್ವೀಪಸಮೂಹವಿದೆ. ಅಲ್ಲಿನವರ ಭಾಷೆ ಸ್ವೀಡಿಷ್, ಮನಸ್ಸೂ ಸ್ವೀಡನ್ ಕಡೆ. 1921ರಲ್ಲಿ ಅಂದಿನ ರಾಷ್ಟ್ರಗಳ ಒಕ್ಕೂಟ ಅದನ್ನು ಫಿನ್ಲೆಂಡಿಗೇ ಬಿಟ್ಟಿತು. ಆದರೆ ಅಲ್ಲಿನ ಜನರ ಭಾಷೆ, ಸಂಸ್ಕೃತಿಗೆ ಖಾತ್ರಿ ಕೊಡಿಸಿತು. ದ್ವೀಪ ಯಾರದು ಎಂಬುದಕ್ಕಿಂತ ಅಲ್ಲಿ ಯಾರಿಗೆ ಏನು ತಪ್ಪಬಾರದು ಎಂಬುದನ್ನು ಮುಖ್ಯ ಮಾಡಿತು. ನೂರು ವರ್ಷ ದಾಟಿತು, ಆ ಏರ್ಪಾಟು ನಿಂತಿದೆ.

ಇಷ್ಟು ಸರಳವಿದ್ದರೆ ಯಾಕೆ ಆಗುತ್ತಿಲ್ಲ? ಇದಕ್ಕೂ ಸೈಪ್ರಸ್‌ನಲ್ಲಿ ಉತ್ತರವಿದೆ. 2004ರಲ್ಲಿ ವಿಶ್ವಸಂಸ್ಥೆಯ ಯೋಜನೆಯಂತೆ ದ್ವೀಪವನ್ನು ಒಂದುಗೂಡಿಸಲು ಎರಡೂ ಕಡೆ ಜನಮತ ಕೇಳಿದರು. ತುರ್ಕರಲ್ಲಿ ಸುಮಾರು ಶೇ 65ರಷ್ಟು ಮಂದಿ ಹೌದು ಅಂದರು. ಗ್ರೀಕರಲ್ಲಿ ಸುಮಾರು ಶೇ 76ರಷ್ಟು ಮಂದಿ ಬೇಡ ಅಂದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ರಾಜಿಯಾಗಲಿ, ಬಿಡಲಿ, ಗ್ರೀಕರ ಕಡೆಗೆ ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಆಗಲೇ ಖಾತ್ರಿಯಾಗಿತ್ತು. ಬೇಕಾದ್ದು ಕೈಯಲ್ಲಿರುವಾಗ ಯಾರು ಬಗ್ಗುತ್ತಾರೆ? ನಮ್ಮ ಗಡ್ಡಿಯಲ್ಲೂ ಆಗುತ್ತಿರುವುದು ಇದೇ. ಈ ವರ್ಷ ಯಾರ ಕೈಯಲ್ಲಿ ಮಧ್ಯಂತರ ಆದೇಶ ಇರುತ್ತದೋ ಅವರಿಗೆ ಮಾತುಕತೆ ಬೇಡ. ಇಲ್ಲದವರು ಮುಂದಿನ ವರ್ಷದ ಆದೇಶಕ್ಕೆ ಕಾಯುತ್ತಾರೆ.

ಹಾಗಾಗಿ ರಾಜಿಯ ಮಾತು ಆರಾಧನೆಯ ಹಿಂದಿನ ವಾರ ಶುರುವಾಗಬಾರದು. ನದಿ ತುಂಬಿ ದೋಣಿ ನಿಂತಿರುವ ಮಳೆಗಾಲದಲ್ಲಿ, ಯಾರ ಕೈಯಲ್ಲೂ ತುರ್ತಿನ ಅಸ್ತ್ರ ಇಲ್ಲದಾಗ ಶುರುವಾಗಬೇಕು. ಕಾನೂನಿನಲ್ಲಿ ಜಾಗವೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ಕೋರ್ಟು ಪಕ್ಷಗಾರರನ್ನು ಸಂಧಾನಕ್ಕೆ ಕಳಿಸಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲ ಕೊಡಬಹುದು.

ಆ ಒಪ್ಪಂದದಲ್ಲಿ ಏನಿರಬೇಕು? ಒಂದು, ವರ್ಷವರ್ಷಕ್ಕಲ್ಲ, ಕನಿಷ್ಠ ಹತ್ತು ವರ್ಷಕ್ಕೆ ಸರದಿಯ ಪಟ್ಟಿ. ಮೊದಲ ಪಾಳಿ ಒಂದು ವರ್ಷ ಅವರಿಗೆ, ಮರುವರ್ಷ ಇವರಿಗೆ. ಎರಡು, ಯಾರ ವೃಂದಾವನ ಯಾವುದು ಎಂಬ ಚರ್ಚೆ ವಿದ್ವಾಂಸರಿಗೆ, ಶಾಸನ ಓದುವವರಿಗೆ ಇರಲಿ. ಅದು ಮುಗಿಯುವ ತನಕ ಯಾರ ಪೂಜೆಯೂ ನಿಲ್ಲದಿರಲಿ, ಯಾರ ಹೊಸ ಫಲಕವೂ ಏಳದಿರಲಿ. ಮೂರು, ಮಾತಿನ ಮನೆಯಲ್ಲಿ ಇಬ್ಬರೇ ಕೂರಬಾರದು. ನಡುವಿನ ವೃಂದಾವನ ಯಾರ ಪರಂಪರೆಯದೋ ಆ ವ್ಯಾಸರಾಜ ಮಠದವರು, ಆನೆಗೊಂದಿ ಗ್ರಾಮ ಪಂಚಾಯಿತಿಯವರು, ದೋಣಿ ನಡೆಸುವವರು ಇರಬೇಕು. ಗಡ್ಡಿಯಲ್ಲಿ ಗದ್ದಲವಾದ ದಿನ ದೋಣಿಯವನ ದುಡಿಮೆಗೂ ಕಲ್ಲು ಬೀಳುತ್ತದೆ. ನಾಲ್ಕು, ವರ್ಷವಿಡೀ ಕಾವಲು, ಖರ್ಚು ಎಲ್ಲರದು.

ಕಾವಲಿನ ಮಾತು ಸುಮ್ಮನೆ ಬರೆದದ್ದಲ್ಲ. 2019ರ ಜುಲೈನಲ್ಲಿ ನಿಧಿಗಳ್ಳರು ರಾತ್ರೋರಾತ್ರಿ ವ್ಯಾಸರಾಜರ ವೃಂದಾವನವನ್ನೇ ಒಡೆದುಹಾಕಿದರು. ಅಷ್ಟೊಂದು ಹಕ್ಕುದಾರರಿದ್ದ ಗಡ್ಡಿಯನ್ನು ಆ ರಾತ್ರಿ ಕಾಯುವವರಿರಲಿಲ್ಲ. ಆಮೇಲೆ ಬೇರೆ ಬೇರೆ ಮಠಗಳ ಸ್ವಾಮಿಗಳು, ಭಕ್ತರು ಗಡ್ಡಿಗೆ ಧಾವಿಸಿದರು. ಕೆಲವೇ ದಿನದಲ್ಲಿ ವೃಂದಾವನ ಮತ್ತೆ ಎದ್ದು ನಿಂತಿತು. ಕಲ್ಲು ಹೊರುವಾಗ ನೀನು ಯಾವ ಮಠದವನು ಎಂದು ಯಾರೂ ಆದೇಶದ ಪ್ರತಿ ಕೇಳಲಿಲ್ಲ.

ಒಡೆದಾಗ ಕೂಡಲು ಬಂದವರಿಗೆ ಒಡೆಯದಿರುವಾಗ ಕೂಡಲು ಯಾಕೆ ಬರುವುದಿಲ್ಲ? ಎರಡೂ ಮಠಗಳ ಶಿಷ್ಯರು ನಮ್ಮ ಓದುಗರಲ್ಲಿದ್ದೀರಿ. ಈ ಪ್ರಶ್ನೆಯನ್ನು ನಾವು ಕೇಳುವುದಕ್ಕಿಂತ ನಿಮ್ಮ ಗುರುಗಳ ಎದುರು ನೀವೇ ಕೇಳಿದರೆ ಅದಕ್ಕೆ ತೂಕ ಹೆಚ್ಚು. ಮುಂದಿನ ಆರಾಧನೆಗೆ ಇನ್ನೂ ಸಮಯವಿದೆ.