ತಂದೆಯ ಸಾಲ: ಮಗನ ಹೊಣೆ ಎಲ್ಲಿಯವರೆಗೆ?

ಹೊಸಪೇಟೆ, ಕಂಪ್ಲಿಗಳ ಕಾಲುವೆ ಬಯಲಿನಲ್ಲಿ ಭತ್ತ, ಕಬ್ಬು, ಬಾಳೆ ಬೆಳೆಯುವ ರೈತನಿಗೆ ಸಾಲವು ಅಪರೂಪದ ಮಾತಲ್ಲ. ಸಹಕಾರ ಸಂಘದ ಬೆಳೆಸಾಲ, ಗೊಬ್ಬರದಂಗಡಿಯ ಉದ್ರಿ, ನೆರೆಯವರ ಕೈಗಡ ಇವೆಲ್ಲ ಅವನ ಬಾಳಿಗೆ ಅಂಟಿಕೊಂಡೇ ಬಂದಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಸಂಡೂರಿನ ಕಡೆ ಸಾಲದಿಂದ ಕೊಂಡ ಲಾರಿಗಳೂ ನಿಂತಲ್ಲಿಯೇ ನಿಂತವು. ಇಂತಹ ಮನೆಯ ಯಜಮಾನನು ಅಕಾಲದಲ್ಲಿ ಕಣ್ಮುಚ್ಚಿದರೆ, ಕಣ್ಣೀರು ಆರುವ ಮೊದಲೇ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ. ಹಿರಿಯ ಮಗನು ಪಾಟೀಚೀಲವನ್ನು ಗೂಟಕ್ಕೆ ತೂಗುಹಾಕಿ ಕೂಲಿಗೆ ಹೊರಡುತ್ತಾನೆ. ಇದು ಧರ್ಮವೆನಿಸುವುದೇ?

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಪಿತೃವಿನ ಸಾಲವನ್ನು ತೀರಿಸುವುದು ಪುತ್ರನ ಕರ್ತವ್ಯವೆಂಬುದು ಆ ಪರಂಪರೆಯ ಮತ. ಆದರೆ ಕುಡಿತ, ಜೂಜು, ವ್ಯಭಿಚಾರಗಳಿಗಾಗಿ ಮಾಡಿದ ಸಾಲವನ್ನು ಅದೂ ಮಗನ ತಲೆಗೆ ಕಟ್ಟಲಿಲ್ಲ. ವೀರಶೈವ, ಲಿಂಗಾಯತರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯಿದೆಯು 2005ರ ತಿದ್ದುಪಡಿಯಿಂದ ಇನ್ನೂ ಮುಂದೆ ಹೋಯಿತು: ಅಲ್ಲಿಂದೀಚೆಗಿನ ಸಾಲಕ್ಕೆ ಪುತ್ರಧರ್ಮವೆಂಬ ಒಂದೇ ಕಾರಣದಿಂದ ಮಗನನ್ನಾಗಲಿ ಮೊಮ್ಮಗನನ್ನಾಗಲಿ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ತಂದೆಯಿಂದ ಬಂದ ಆಸ್ತಿಯಷ್ಟಕ್ಕೇ ವಾರಸುದಾರನ ಹೊಣೆ. ಅಡವಿಟ್ಟ ಹೊಲದ ಮೇಲಿನ ಭಾರ ಹೊಲದೊಡನೆಯೇ ಬರುತ್ತದೆ. ತಾನೇ ಜಾಮೀನಿಗೆ ಸಹಿ ಹಾಕಿದ್ದರೆ ಮಾತ್ರ ಆ ಮಾತು ಬೇರೆ. ಹಿರಿಯರ ಸಾಲಕ್ಕಾಗಿ ಮಕ್ಕಳನ್ನು ಜೀತಕ್ಕಿಡುವ ಪದ್ಧತಿಯನ್ನಂತೂ 1976ರ ಕಾಯಿದೆಯೇ ಅಳಿಸಿಹಾಕಿದೆ.

ಹಾಗೆಂದು ಕಾಯಿದೆಯ ಮರೆಯಲ್ಲಿ ನಿಂತು ಕೈ ತೊಳೆದುಕೊಳ್ಳುವುದು ಸಲ್ಲದು. ತಂದೆಯ ಹೊಲ ತನ್ನದು, ತಂದೆಯ ಸಾಲ ಮಾತ್ರ ಪರರದು ಎಂಬ ಮಗನ ನ್ಯಾಯವು ನ್ಯಾಯವಲ್ಲ. ಬಡ ನೆರೆಯವನು ಪತ್ರವಿಲ್ಲದೆ, ಮಾತನ್ನೇ ನಂಬಿ ಕೊಟ್ಟ ಕೈಗಡಕ್ಕೆ ಸಾಕ್ಷಿ ಇಲ್ಲದಿರಬಹುದು, ಮನಸ್ಸಾಕ್ಷಿಯಾದರೂ ಇರಬೇಕಷ್ಟೆ. ಶಕ್ತಿ ಬಂದ ದಿನ ಅದನ್ನು ತೀರಿಸುವವನೇ ತಂದೆಯ ಹೆಸರನ್ನು ನಿಜವಾಗಿ ಉಳಿಸುವವನು. ಆದರೆ ಆ ಹಿರಿಮೆಯು ಅವನ ಒಳಗಿನಿಂದ ಬರಬೇಕೇ ಹೊರತು, ಬಾಗಿಲಲ್ಲಿ ನಿಂತವರ ಬೆದರಿಕೆಯಿಂದಲ್ಲ.

ಕೊಟ್ಟವನಿಗೂ ಕರ್ತವ್ಯವುಂಟು. ಇರುವ ಆಸ್ತಿಯಿಂದ ಅವನು ಕೇಳಲಿ. ಹುಡುಗನ ಓದಿನಿಂದ ಕೇಳದಿರಲಿ. ಶಾಲೆ ಬಿಟ್ಟ ಮಗುವಿನ ಕೂಲಿ ಬಡ್ಡಿಗೂ ಸಾಲದು. ಓದಿ ನೆಲೆ ನಿಂತವನು ಅಸಲನ್ನೂ ತೀರಿಸಬಲ್ಲನು. ಆದುದರಿಂದ ತಂದೆಯನ್ನು ಕಳೆದುಕೊಂಡ ವಿದ್ಯಾರ್ಥಿಯ ಹಾಜರಿ ತಪ್ಪಿದ ದಿನವೇ ಉಪಾಧ್ಯಾಯರು ಅವನ ಮನೆಯ ಬಾಗಿಲಿಗೆ ಹೋಗುವುದು, ದಾನಿಗಳು ಅವನ ಪುಸ್ತಕ ಪ್ರಸಾದಗಳ ಭಾರವನ್ನು ಹೊರುವುದು ಅತ್ಯಗತ್ಯ. ತಂದೆಯ ಸಾಲವು ತಂದೆಯ ಆಸ್ತಿಯಲ್ಲಿ ಮುಗಿಯಲಿ; ಮಗನ ಭವಿಷ್ಯವು ಅದಕ್ಕೆ ಅಡವಾಗದಿರಲಿ.